ತೊಳೆದ ತುಂಡು

ಜೂನ್ ೧೪, ಭಾನುವಾರ
ಮಧ್ಯಾಹ್ನ ಎರಡೂವರೆ. ಮನೆಯಲ್ಲಿ ನಾನೊಬ್ಬಳೇ. ಹೊಲಿಗೆ ಯಂತ್ರದ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಪ್ರೀತಿಯ ಪುಟ್ಟಿ,

ನಾನು ಮೊಮ್ಮಗನಿಗೆಂದು ಕಳಿಸಿದ ಅಂಗಿಗಳನ್ನು ಗುಂಡುವಿನ ಮೈಮೇಲಿಂದ ತೆಗೆದುಬಿಡು, ಹಾಸಿಗೆಯ ಹೊದಿಕೆಯನ್ನೂ ತೆಗೆ, ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದೆ. ಯಾಕೆಂದು ಹೇಳಲಿಲ್ಲ. ‘ಏನಮ್ಮಾ, ಕೊಟ್ಟಿದ್ದನ್ನ ವಾಪಸ್ ಕೇಳ್ತಿದ್ದೀಯಾ?’ ಎಂದು ನಕ್ಕೆ ನೀನು. ನಿನ್ನ ಹಿಂದೆ ನಿನ್ನ ಅತ್ತೆಯವರು ಯಾರ ಫೋನು ಎಂದು ಕೇಳುತ್ತಿದ್ದರು. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ.

ನಾಳೆ ಬೆಳಿಗ್ಗೆ ಮಕ್ಕಳ ವೈದ್ಯರ ಹತ್ತಿರ ಹೋಗುತ್ತೇನೆ ಎಂದೆಯಲ್ಲ, ಅಷ್ಟರೊಳಗೆ ಈ ಪತ್ರ ನಿನ್ನ ಕೈಯಲ್ಲಿರಬೇಕು. ಎದುರುಮನೆಯ ಬಸ್ ಚಾಲಕರು ಸಂಜೆ ಐದಕ್ಕೆ ನಿಮ್ಮ ಕಡೆಗೇ ಹೊರಡುತ್ತಾರೆ. ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಜೊತೆಗೆ ಅಂಗಿಯ ಬಟ್ಟೆಯ ಒಂದು ತುಂಡನ್ನು ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇನೆ. ನೀನು ಬಿಚ್ಚಬೇಡ, ವೈದ್ಯರ ಮುಂದೆ ಹಾಗೆಯೇ ಇಡು. ಬಟ್ಟೆಯಲ್ಲಿ ಇರುವುದರ ಹೆಸರು ಫಾರ್ಮಾಲ್ಡಿಹೈಡ್. ಅವರು ಓದಿಕೊಳ್ಳಲಿ ಎಂದು ಬಿಡಿಸಿ ಬರೆದಿದ್ದೇನೆ.

ಇನ್ನು ನನ್ನ ಕೆಲಸದ ವಿಷಯ. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಾಳೆ ಎಂದು ನೀನು ಮದುವೆಗೆ ಮೊದಲು ಗೆಳತಿಯರಿಗೆ ಹೇಳುತ್ತಿದ್ದೆ, ನಾನು ತಿದ್ದಲಿಲ್ಲ. ನಾನು ನಿಜವಾಗಿ ಮಾಡುವುದು ಇದು. ಸುಕ್ಕು ಬೀಳದಿರಲಿ ಎಂದು ಬಟ್ಟೆಗೆ ಒಂದು ದ್ರಾವಣ ಕುಡಿಸಿ, ಬಿಸಿ ಯಂತ್ರದಲ್ಲಿ ಹಾಯಿಸುತ್ತಾರೆ. ಯಂತ್ರವನ್ನು ಅವಸರದಲ್ಲಿ ಓಡಿಸಿದರೆ ಅದು ಸರಿಯಾಗಿ ಬೇಯದೆ ಬಟ್ಟೆಯಲ್ಲೇ ಉಳಿಯುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೊರಬರುತ್ತದೆ. ಅದು ಎಷ್ಟಿದೆ ಎಂದು ನೋಡಲು ಪ್ರತಿ ರಾಶಿಯಿಂದ ಒಂದು ತುಂಡು ನನ್ನ ಕೋಣೆಗೆ ಬರುತ್ತದೆ. ಬಾಟಲಿಯ ತಳದಲ್ಲಿ ನೀರು, ಮುಚ್ಚಳದ ಕೆಳಗೆ ಒಂದು ಕೊಕ್ಕೆ, ಕೊಕ್ಕೆಗೆ ಆ ತುಂಡು. ಮುಚ್ಚಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಮರುದಿನದವರೆಗೆ ಇಡುತ್ತೇನೆ. ಆಮೇಲೆ ಆ ನೀರಿಗೆ ಒಂದು ಔಷಧ ಬೆರೆಸಿ ಕಾಯಿಸಿದರೆ ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಕೆಟ್ಟದ್ದು. ಶಿಶುಗಳ ಬಟ್ಟೆಯಾದರೆ ನೀರು ಬಹುಮಟ್ಟಿಗೆ ನೀರಾಗಿಯೇ ಉಳಿಯಬೇಕು. ನಾಲ್ಕು ವರ್ಷದಲ್ಲಿ ನನ್ನ ಬಾಟಲಿಗಳೆಲ್ಲ ನೀರಾಗಿಯೇ ಉಳಿದಿವೆ. ಪ್ರತಿಯೊಂದರ ಮುಂದೆಯೂ ಪುಸ್ತಕದಲ್ಲಿ ನನ್ನ ಸಹಿ ಇದೆ.

ನಮ್ಮ ಕೋಣೆಯ ಮೇಲ್ವಿಚಾರಕರನ್ನು ಮೇಷ್ಟ್ರು ಎನ್ನುತ್ತೇವೆ. ಕೆಲಸ ಕಲಿಸಿದ ದಿನ ಅವರು ಹೇಳಿದ್ದರು, ‘ತುಂಡು ಬಂತಾ, ಮೊದ್ಲು ಒಂದ್ಸಲ ತೊಳಿ, ಧೂಳು ಹೋಗ್ಲಿ.’ ನನ್ನ ಸ್ವಭಾವ ನಿನಗೆ ಗೊತ್ತು. ಅವರು ಒಂದು ಸಲ ಎಂದರೆ ನಾನು ಮೂರು ಸಲ ತೊಳೆಯುತ್ತಿದ್ದೆ, ಬಿಸಿನೀರಿನಲ್ಲಿ. ಒಣಗಿಸಿ ಬಾಟಲಿಗೆ ಕಟ್ಟುತ್ತಿದ್ದೆ. ನನ್ನಷ್ಟು ಶುಚಿಯಾಗಿ ಈ ಕೆಲಸ ಮಾಡುವವರಿಲ್ಲ ಎಂಬ ಜಂಬವೂ ಇತ್ತು.

ಗುರುವಾರ ಮೇಷ್ಟ್ರು ರಜೆಯಲ್ಲಿದ್ದರು. ಬೇರೆ ಘಟಕದಿಂದ ಬದಲಿ ಮೇಷ್ಟ್ರು ಬಂದಿದ್ದರು. ನಾನು ತೊಟ್ಟಿಯ ಮುಂದೆ ನಿಂತು ತುಂಡು ಉಜ್ಜುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ಹುಬ್ಬೇರಿಸಿದರು. ‘ಏನಮ್ಮಾ ಇದು? ಪರೀಕ್ಷೆಗೆ ಹೋಗೋ ಬಟ್ಟೆಗೆ ಸ್ನಾನ ಮಾಡಿಸಿ ಕಳಿಸ್ತೀರಾ?’ ನಾನು ನಕ್ಕೆ. ಅವರು ನಗಲಿಲ್ಲ. ‘ತೊಳೆದ್ರೆ ಒಳಗಿರೋದು ನೀರಲ್ಲಿ ಹೋಗಿಬಿಡುತ್ತಲ್ಲ, ಬಾಟಲಿಯಲ್ಲಿ ಇನ್ನೇನು ಕಾಣುತ್ತೆ? ಅಂಗಡಿಯಲ್ಲಿ ಕೊಳ್ಳೋರಿಗೆ ತೊಳೆದ ಬಟ್ಟೆ ಕೊಡ್ತೀರೇನು?’ ಎಂದರು. ಅಷ್ಟರಲ್ಲಿ ಯಾರೋ ಕರೆದರು, ಹೋದರು. ನನ್ನ ಕೈಯಲ್ಲಿದ್ದ ತುಂಡಿನಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಕ್ಷಣ ಕಾರ್ಖಾನೆ ನೆನಪಾಗಲಿಲ್ಲ ಪುಟ್ಟಿ. ಗುಂಡುವಿನ ಕುತ್ತಿಗೆ ನೆನಪಾಯಿತು.

ಮೂರು ವಾರದಿಂದ ನೀನು ಬರೆಯುತ್ತಿರುವ ಸಾಲುಗಳನ್ನು ಈಗ ಬಾಯಿಪಾಠವಾಗಿ ಹೇಳಬಲ್ಲೆ. ಕುತ್ತಿಗೆಯ ಸುತ್ತ, ಕಂಕುಳಲ್ಲಿ, ಮೊಣಕೈಯ ಮಡಿಕೆಯಲ್ಲಿ ಕೆಂಪು ಗುಳ್ಳೆ. ಲಂಗೋಟಿ ಕಟ್ಟುವ ಕಡೆ ಒಂದೂ ಇಲ್ಲ. ಬೆವರುಸಾಲೆ ಇರಬೇಕು ಎಂದು ವೈದ್ಯರು ಮುಲಾಮು ಕೊಟ್ಟರು. ಹಚ್ಚಿದರೆ ಎರಡು ದಿನ ಇಳಿಯುತ್ತದೆ, ಮತ್ತೆ ಏಳುತ್ತದೆ. ಈಗ ಒಡೆದು ನೀರು ಸುರಿಯುತ್ತಿದೆ, ಮಗು ಹಾಲು ಕುಡಿಯುವುದನ್ನು ನಿಲ್ಲಿಸಿ ಕಿರುಚುತ್ತದೆ. ಬೆವರಿನದಾದರೆ ಲಂಗೋಟಿಯ ಕೆಳಗೇ ಮೊದಲು ಏಳಬೇಕಿತ್ತಲ್ಲವೇ? ನಿನ್ನ ಅತ್ತೆಯವರು ತಮ್ಮ ಹಳೆಯ ಮೆತ್ತನೆಯ ಬಟ್ಟೆ ಹರಿದು ಮಾಡಿದ ಲಂಗೋಟಿ ಅದು. ಗುಳ್ಳೆ ಎದ್ದಿರುವುದು ನನ್ನ ಅಂಗಿ ಬಿಗಿಯಾಗಿ ತಾಗುವ ಕಡೆಗಳಲ್ಲಿ ಮಾತ್ರ.

ಆ ಬಟ್ಟೆ ಎಲ್ಲಿಯದು ಎಂದು ನೀನು ಕೇಳಿರಲಿಲ್ಲ. ಪುಟ್ಟ ದೋಣಿಗಳ ಚಿತ್ರದ ಆ ಬಟ್ಟೆ ನಮ್ಮ ಕಾರ್ಖಾನೆಯದು, ತೊಟ್ಟಿಲಿನ ಹಾಸುಗಳಿಗೆ ಎಂದು ತಯಾರಾದದ್ದು. ಅಂಚಿನ ತುಂಡುಗಳನ್ನು ನಮಗೆ ಒಯ್ಯಲು ಬಿಡುತ್ತಾರೆ. ಆರು ಅಂಗಿ, ಎರಡು ಹೊದಿಕೆ ಆಯಿತು. ಉಳಿದದ್ದರಲ್ಲಿ ನನಗೂ ಒಂದು ದಿಂಬಿನ ಚೀಲ ಹೊಲಿದುಕೊಂಡೆ. ಐದು ವಾರದಿಂದ ಅದರ ಮೇಲೆಯೇ ಮಲಗುತ್ತಿದ್ದೇನೆ, ನನಗೆ ಏನೂ ಆಗಿಲ್ಲ. ಆದ್ದರಿಂದಲೇ ಅನುಮಾನ ಬರಲಿಲ್ಲ.

ಶುಕ್ರವಾರ, ಹೊಲಿಗೆ ಡಬ್ಬಿಯಲ್ಲಿ ಉಳಿದಿದ್ದ ದೋಣಿಯ ತುಂಡೊಂದನ್ನು ತೊಳೆಯದೆ ಬಾಟಲಿಗೆ ಕಟ್ಟಿದೆ. ನಿನ್ನೆ ತೆಗೆದು ಔಷಧ ಬೆರೆಸಿದೆ. ಕಾಯುವುದಕ್ಕೂ ಮೊದಲೇ ಹಳದಿ ಏರತೊಡಗಿತು. ಏರುತ್ತಲೇ ಹೋಯಿತು. ಹೋಲಿಸಿ ನೋಡಲು ನಮ್ಮಲ್ಲಿ ಒಂದು ಸಾಲು ಗಾಜಿನ ನಳಿಕೆಗಳಿವೆ. ನನ್ನ ನೀರು ಅದರ ಕೊನೆಯ ನಳಿಕೆಯನ್ನೂ ದಾಟಿತು. ಐದು ವಾರ ಆ ಮಗು ಇದನ್ನು ತೊಟ್ಟುಕೊಂಡು, ಇದನ್ನೇ ಹೊದ್ದು, ಅಂಗಿಯ ತೋಳನ್ನು ಬಾಯಲ್ಲಿಟ್ಟುಕೊಂಡು ಚೀಪಿದೆ. ಚೀಪುತ್ತಿರುವ ಫೋಟೋ ನೀನೇ ಕಳಿಸಿದ್ದೆ. ನಾನು ಅದನ್ನು ಸಹೋದ್ಯೋಗಿಗಳಿಗೆಲ್ಲ ತೋರಿಸಿದ್ದೆ.

ಗುಳ್ಳೆ ವಾಸಿಯಾಗುತ್ತದೆಯೇ? ಒಳಗೆ ಹೋದದ್ದು ಏನು ಮಾಡುತ್ತದೆ? ನನಗೆ ಗೊತ್ತಿಲ್ಲ. ನೀನು ವೈದ್ಯರನ್ನು ಕೇಳಬೇಕು. ನಾಚಿಕೊಳ್ಳದೆ, ಅವರು ಗದರಿದರೂ ಎರಡೆರಡು ಸಲ ಕೇಳು. ಬೆಳಿಗ್ಗೆ ನೀನು ಮಾತಾಡುತ್ತಿದ್ದಾಗ ನಾನು ನಿನ್ನ ಮಾತು ಕೇಳಲೇ ಇಲ್ಲ, ಹಿಂದೆ ಗುಂಡು ಉಸಿರಾಡುವ ಸದ್ದು ಸಿಕ್ಕೀತೇ ಎಂದು ಕಿವಿಗೊಟ್ಟಿದ್ದೆ.

ಇನ್ನೊಬ್ಬಳ ವಿಷಯವೂ ಹೇಳಬೇಕು. ಬಟ್ಟೆ ಮಡಿಸುವ ಮೇಜಿನಲ್ಲಿ ಒಬ್ಬಳಿದ್ದಳು, ಕಟ್ಟು ಬಿಚ್ಚಿದೊಡನೆ ಸೀನುತ್ತಿದ್ದಳು. ಸೀನಕ್ಕ ಎಂದೇ ಕರೆಯುತ್ತಿದ್ದೆವು. ಇವತ್ತು ಎಷ್ಟು, ಹನ್ನೊಂದಾ, ಹನ್ನೆರಡಾ ಎಂದು ಎಣಿಸಿ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆಮೇಲೆ ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿಯಿತು, ಕಣ್ಣು ಊದಿತು. ಒಂದು ದಿನ ನನ್ನ ಕೋಣೆಗೆ ಬಂದು, ‘ನೀನು ಬಾಟಲಿಯವಳು, ನಿಜ ಹೇಳು ಮಾರಾಯ್ತಿ, ಬಟ್ಟೆಯಲ್ಲಿ ಏನಾದ್ರೂ ಇದೆಯಾ?’ ಎಂದು ಕೇಳಿದಳು. ನಾನು ಪುಸ್ತಕ ತೆರೆದು ತೋರಿಸಿದೆ. ‘ನೋಡು, ನನ್ನ ಸಹಿ ಇದೆ, ಎಲ್ಲ ಸರಿಯಾಗಿದೆ’ ಎಂದೆ. ಅವಳು ನಂಬಿದಳು. ಎರಡು ತಿಂಗಳಿಂದ ಕೆಲಸಕ್ಕೆ ಬಂದಿಲ್ಲ.

ದೋಣಿಗಳ ಹಾಸುಗಳು ಈಗ ಪೆಟ್ಟಿಗೆಗಳಲ್ಲಿ ಕುಳಿತಿವೆ. ನಾಳೆ ಹತ್ತು ಗಂಟೆಗೆ ಲಾರಿ. ಎಷ್ಟು ತೊಟ್ಟಿಲುಗಳಿಗೆ ಹೋಗುತ್ತವೋ. ನಿನ್ನೆ ಮನೆಗೆ ಹೊರಡುವ ಮೊದಲು ಎರಡು ಬಾಟಲಿ ಕಟ್ಟಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು ಬಂದಿದ್ದೇನೆ. ಎರಡರಲ್ಲೂ ಆ ರಾಶಿಯದೇ ತುಂಡು. ಒಂದು ತೊಳೆದದ್ದು, ಒಂದು ತೊಳೆಯದ್ದು.

ಮೇಷ್ಟ್ರು ಏನೆನ್ನುತ್ತಾರೆಂದು ಈಗಲೇ ಕೇಳಿಸುತ್ತಿದೆ. ‘ನಾನು ಹೇಳಿದ್ದು ಧೂಳು ಒದರು ಅಂತ. ಬಿಸಿನೀರಲ್ಲಿ ಮೂರು ಸಲ ಉಜ್ಜು ಅಂದವರು ಯಾರು?’ ಯಾರೂ ಅಲ್ಲ, ನಾನೇ. ಸಹಿಯೂ ನನ್ನದೇ. ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಆದರೂ ನಿಶ್ಚಯ ಮಾಡಿದ್ದೇನೆ. ನಾಳೆ ಏಳೂವರೆಗೆ ಹೋಗಿ, ಎರಡೂ ಬಾಟಲಿಗಳಿಗೆ ಔಷಧ ಬೆರೆಸಿ, ವ್ಯವಸ್ಥಾಪಕರ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಡುತ್ತೇನೆ. ಪುಸ್ತಕದ ಆ ಪುಟದಲ್ಲಿ ನನ್ನ ಸಹಿಯ ಕೆಳಗೆ, ‘ತುಂಡು ತೊಳೆದದ್ದು, ಈ ಫಲಿತಾಂಶ ಸರಿಯಲ್ಲ’ ಎಂದು ಬರೆಯುತ್ತೇನೆ. ಅವರು ಲಾರಿ ತಡೆಯದಿದ್ದರೆ, ಬಟ್ಟೆ ಕೊಳ್ಳುವ ಕಂಪನಿಯ ತಪಾಸಣೆಯವರು ಒಂಬತ್ತಕ್ಕೆ ಗೇಟಿಗೆ ಬರುತ್ತಾರೆ, ಅವರಿಗೇ ತೋರಿಸುತ್ತೇನೆ. ಅಲ್ಲಿಂದ ಸೀನಕ್ಕನ ಮನೆಗೆ, ಆಮೇಲೆ ಸಿಕ್ಕ ಬಸ್ಸಿಗೆ ನಿನ್ನಲ್ಲಿಗೆ. ಬಾಗಿಲು ತೆರೆಯುವುದು ಬಿಡುವುದು ನಿನ್ನ ಇಷ್ಟ.

ಗುಂಡುವಿಗೆ ಅತ್ತೆಯವರ ಹಳೆಯ ಬಟ್ಟೆಯನ್ನೇ ಹಾಕು.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನನಗೆ ಏನೂ ಆಗಿಲ್ಲ, ಆದ್ದರಿಂದ ಅನುಮಾನ ಬರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ನನ್ನ ದಿಂಬಿನ ಚೀಲವನ್ನು ಹೊಲಿಯುವ ಮೊದಲು ನಾನು ಮೂರು ಸಲ ತೊಳೆದಿದ್ದೆ. ಕತ್ತರಿಸುವಾಗಲೇ ಕಣ್ಣು ಉರಿದಿತ್ತು, ವಾಸನೆ ಮೂಗಿಗೆ ಹೊಡೆದಿತ್ತು. ನಿನಗೆ ಕಳಿಸಿದ ಕಟ್ಟಿನಲ್ಲಿ ಮಾತ್ರ ‘ತೊಳೆಯಬೇಡ, ಹೊಸತನ ಹೋಗುತ್ತದೆ’ ಎಂದು ಚೀಟಿ ಇಟ್ಟೆ. ಬಿಚ್ಚಿದಾಗ ಅಂಗಡಿಯಿಂದ ತಂದದ್ದರಂತೆ ಗರಿಗರಿಯಾಗಿ ಕಾಣಲಿ, ತುಂಡು ಬಟ್ಟೆಯದೆಂದು ನಿನ್ನ ಅತ್ತೆಯವರಿಗೆ ತಿಳಿಯದಿರಲಿ ಎಂದು. ಹಳೆಯ ಬಟ್ಟೆಯೇ ಇರಲಿ ಎಂದು ಅವರು ಹೇಳಿದಾಗ ನೀನು ನನ್ನ ಪರವಾಗಿ ಅವರೊಡನೆ ಮಾತಿಗೆ ಮಾತು ಬೆಳೆಸಿದೆಯಂತೆ. ಇದನ್ನು ಬೇರೆ ಹಾಳೆಯಲ್ಲಿ ಬರೆದರೆ ನೀನು ಹರಿದು ಮುಚ್ಚಿಡುತ್ತೀಯ ಎಂದು ಇದೇ ಹಾಳೆಯಲ್ಲಿ ಬರೆದೆ. ವೈದ್ಯರಿಗೆ ತೋರಿಸುವ ಮೊದಲು ನಿನ್ನ ಅತ್ತೆಯವರಿಗೆ ಓದಿ ಹೇಳು.