ಸೀನಿದರೆ ಮೊದಲು ಏನನ್ನಬೇಕು

ರೀ,

ಇಂಚರಾ ಇನ್ನೂ ಮಲಗಿದ್ದಾಳೆ. ಹಂದಿಜ್ವರಕ್ಕೆ ಶಾಲೆ ಮುಚ್ಚಿದೆ ಎಂದು ಮಧ್ಯಾಹ್ನದವರೆಗೆ ಮಲಗಲು ಬಿಡಬೇಡಿ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಟಿವಿಯಲ್ಲಿ ನ್ಯೂಸ್ ಬೇಡ. ನಾನು ಆರ್.ಕೆ.ಪುರಂ ಬಸ್ ಹತ್ತಿದ ಕೂಡಲೇ ಹಾಕುತ್ತೀರಿ ಎಂದು ಗೊತ್ತು.

ಅವಳ ಮೇಲೆ ಒಂದು ಕಣ್ಣಿಡಿ. ಈಚೆಗೆ ಆಟದ ಮಧ್ಯೆ ತಟ್ಟನೆ ಎದ್ದು ಬಚ್ಚಲಿಗೆ ಓಡುತ್ತಾಳೆ, ನಲ್ಲಿ ಜೋರಾಗಿ ಬಿಡುತ್ತಾಳೆ. ನೀವಿಬ್ಬರೂ ನನಗೆ ತಿಳಿಯದಂತೆ ಗಾಡಿಯ ಭಯ್ಯಾನ ಹತ್ತಿರ ಕುಲ್ಫಿ ತಿಂದಿದ್ದೀರಿ, ಅದಕ್ಕೇ ಬಾಯಿ ತೊಳೆಯುತ್ತಾಳೆ ಎಂದುಕೊಂಡಿದ್ದೆ. ಆ ಅನುಮಾನ ಪೂರ್ತಿ ಹೋಗಿಲ್ಲ ಬಿಡಿ.

ನಿನ್ನೆ ಬಾಗಿಲು ತಳ್ಳಿ ನೋಡಿದೆ. ಟವೆಲ್ಲಿನಲ್ಲಿ ಮುಖ ಹುದುಗಿಸಿಕೊಂಡು ಸೀನುತ್ತಿದ್ದಳು. ಕೇಳಿದ್ದಕ್ಕೆ, "ಮೇಲಿನ ಮನೆ ಗೋಲೂ ಸೀನಿದ, ಉಸ್ಕೋ ಹಾಸ್ಪಿಟಲ್ ಲೇ ಗಯೇ, ಕರ್ಕೊಂಡೇ ಹೋದ್ರು. ನನ್ನೂ ಕಳಿಸ್ಬಿಡ್ತೀರಾ?" ಎಂದಳು.

ಗೋಲೂವಿನ ಸಂಗತಿ ಅವಳ ಮುಂದೆ ಆಡಿದವರು ಯಾರು? ನಾನಂತೂ ಅಲ್ಲ. ಸಂಜೆ ಬಂದು ವಿಚಾರಿಸುತ್ತೇನೆ.

ಗೋಲೂ ವಾಸಿಯಾಗಿ ಮನೆಗೆ ಬಂದಿದ್ದಾನೆ. ಬಾಲ್ಕನಿಯಿಂದ ಕೂಗಿ ಮಾತಾಡಿಸಲಿ, ಅವಳೇ ಕಣ್ಣಾರೆ ನೋಡಲಿ.

ಬೆಳಿಗ್ಗೆ ಹಣೆ ಮುಟ್ಟಿ ನೋಡಿದೆ, ಜ್ವರವಿಲ್ಲ. ನೀವೂ ನೋಡಿ, ಆದರೆ ಥರ್ಮಾಮೀಟರ್ ಹಿಡಿದು ಬೆನ್ನಟ್ಟಬೇಡಿ. ಮೊದಲೆಲ್ಲ ಅವಳು ಸೀನಿದರೆ "ಚಿರಂಜೀವಿ" ಎನ್ನುತ್ತಿದ್ದೆವು. ಈ ಕಾಯಿಲೆಯ ಸುದ್ದಿ ಶುರುವಾದ ಮೇಲೆ ಇಬ್ಬರೂ ಅದನ್ನು ಬಿಟ್ಟು, ಕಳ್ಳನನ್ನು ನೋಡಿದ ಹಾಗೆ ತಿರುಗಿ ನೋಡುತ್ತೇವೆ.

ಇವತ್ತು ಅವಳು ಬಚ್ಚಲಿಗೆ ಓಡಿದರೆ ಹಿಂದೆ ಹೋಗಬೇಡಿ. ಕೂತಲ್ಲಿಂದಲೇ "ಚಿರಂಜೀವಿ" ಎನ್ನಿ. ನಲ್ಲಿಯ ಸದ್ದಿನಲ್ಲೂ ಅವಳಿಗೆ ಕೇಳಿಸುವಷ್ಟು ಜೋರಾಗಿ.