ಹೆಸರು ಕೇಳದ ತಪ್ಪು

ಕೇನಿ ಕಣಿವೆ, ಕೆಂಟಕಿ
ಶನಿವಾರ

ಪೂಜ್ಯ ರ್‍ಯಾಟ್ಲಿಫ್ ಮೇಡಂ ಅವರಿಗೆ,

ಗುರುವಾರ ಆಸ್ಪತ್ರೆಯ ಪರೀಕ್ಷೆಯಲ್ಲಿ ನೀವು ನನ್ನ ಕೈ ತಡೆದು ಫೇಲ್ ಮಾಡಿದ್ದು ಸರಿಯೇ. ಮಾತ್ರೆ ಕೊಡುವ ಮುಂಚೆ ರೋಗಿಯ ಹೆಸರು, ಹುಟ್ಟಿದ ದಿನ ಕೇಳಲೇಬೇಕೆಂದು ಕಾಲೇಜಿನಲ್ಲಿ ನೂರು ಸಲ ಹೇಳಿದ್ದಿರಿ. ಆದರೆ ಮಂಚದ ಮೇಲಿದ್ದವರು ಡೆಲ್ಫಿಯಾ ದೊಡ್ಡಮ್ಮ. ಚಿಕ್ಕಂದಿನಲ್ಲಿ ನಮ್ಮ ಚರ್ಚಿನಲ್ಲಿ ನನಗೆ ಬೈಬಲ್ ಓದಲು ಕಲಿಸಿದವರು. ಅಂಥವರನ್ನು ಹೆಸರೇನೆಂದು ಕೇಳಿದರೆ, ನಾಲ್ಕಕ್ಷರ ಕಲಿತು ತಲೆ ತಿರುಗಿದೆ ಎಂದು ನಮ್ಮ ಕಣಿವೆಯವರು ಆಡಿಕೊಳ್ಳುತ್ತಾರೆ.

ನಿನ್ನೆ ಅವರನ್ನು ನೋಡಲು ಹೋಗಿ ನಡೆದದ್ದನ್ನು ಹೇಳಿದೆ. ಅವರು ನಕ್ಕರು.

"ಅಯ್ಯೋ ಪೆದ್ದಿ, ಬಾಯಿಬಿಟ್ಟು ಕೇಳೋಕೇನಾಗಿತ್ತೇ? ಪಕ್ಕದ ರೂಮಿನವಳ ಮಾತ್ರೆ ಕೊಟ್ಟಿದ್ರೂ ಸುಮ್ಮನೆ ನುಂಗಿಬಿಡ್ತಿದ್ದೆ. ನಮ್ಮ ಲೊರೀನ್ ಕೊಟ್ಟಿದ್ದನ್ನ ತಿರುಗಿಸಿ ನೋಡೋಕಾಗುತ್ತಾ?"

ಆ ಮಾತು ಕೇಳಿದ ಮೇಲೆ, ದೇವರೇ ನಿಮ್ಮ ಕೈಯಿಂದ ನನ್ನನ್ನು ತಡೆದನೆಂದು ನಂಬಿದ್ದೇನೆ.

ಇದೊಂದು ಪರೀಕ್ಷೆ ಪಾಸಾಗದಿದ್ದರೆ ಐವತ್ತು ವರ್ಷದ ನನಗೆ ನರ್ಸಿಂಗ್ ಪದವಿ ಇನ್ನು ಸಿಗುವುದಿಲ್ಲ. ಇನ್ನೊಂದು ಅವಕಾಶ ಕೊಡುವುದಾದರೆ ದಯವಿಟ್ಟು ದೊಡ್ಡಮ್ಮನ ಮಂಚದ ಬಳಿಯೇ ನಿಲ್ಲಿಸಿ. ಗುರುತಿಲ್ಲದವರ ಹೆಸರು ಕೇಳುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ನಿಮಗಾಗಿ ಪ್ರಾರ್ಥಿಸುವ,
ಲೊರೀನ್ ಸ್ಟ್ಯಾಂಪರ್