ನಾನ್ನೂರ ಹನ್ನೆರಡು ಮನೆಗಳ ‘ಇಲ್ಲ’

ಏಳನೇ ನೆಲೆ, ಹಿರಿಯೂರಿನ ಬಯಲು
ಸುಡುಮಾಸದ ಮೂವತ್ತಮೂರನೆಯ ದಿನ, ಇಸವಿ ೨೧೪೮

ಹಿಂದಿನ ಕಾಲದವರೇ,

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ಬೇಸಿಗೆ ಹಳೆಯ ಲೆಕ್ಕಕ್ಕೆ ಒಗ್ಗದಾದಾಗ ಉಳಿದ ತಿಂಗಳುಗಳಿಂದ ದಿನಗಳನ್ನು ಕಿತ್ತು ಸುಡುಮಾಸ ಎಂಬ ಹದಿಮೂರನೆಯ ತಿಂಗಳನ್ನು ಕಟ್ಟಿದರು. ಇಂಥ ಇನ್ನೂ ಕೆಲವು ಮಾತುಗಳು ಈ ಕಾಗದದಲ್ಲಿ ಬರುತ್ತವೆ. ಅವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಸಿಟ್ಟು ಮಾತ್ರ ವಿಚಿತ್ರವೇನಲ್ಲ, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾವು ಕಡಲಿನವರು. ನಲವತ್ತಾರು ವರ್ಷಗಳ ಹಿಂದೆ ನೀರು ನಮ್ಮ ಊರಿನ ಮೇಲೆ ಬಂದು ಹಿಂದಿರುಗಲಿಲ್ಲ. ಸರಕಾರ ನಮ್ಮನ್ನು ಲಾರಿ ಹತ್ತಿಸಿ ಈ ಬಯಲಿಗೆ ತಂದಿಳಿಸಿತು. ಇಲ್ಲಿ ಹಗಲು ಬಿಸಿಲಿಗೆ ತಲೆಯೊಡ್ಡಿ ನಡೆಯುವಂತಿಲ್ಲ, ಮನೆಯಿಂದ ಮನೆಗೆ ತಗಡು ಹೊದಿಸಿದ ನೆರಳುದಾರಿಗಳಿವೆ. ನೀರು ಎರಡು ದಿನಕ್ಕೊಮ್ಮೆ, ಸರದಿಯ ಮೇಲೆ. ನಮ್ಮ ಹೆಂಗಸರು ತೊಟ್ಟಿಯಲ್ಲಿ ಸಾಕಿದ ಮೀನನ್ನು ಒಣಗಿಸಿ ಸಾರು ಮಾಡಿ, ಅದಕ್ಕೆ ರುಚಿಯಿಲ್ಲವೆಂದು ತಾವೇ ಬೈದುಕೊಂಡು ಬಡಿಸುತ್ತಾರೆ. ಪ್ರತಿ ಮನೆಗೂ ಒಂದು ನೆಲೆಚೀಟಿ ಉಂಟು, ಈ ಕುಟುಂಬ ಇಲ್ಲಿ ಇರಬಹುದು ಎಂಬ ಅಪ್ಪಣೆ ಅದು. ಅದನ್ನು ದೇವರ ಫೋಟೋದ ಹಿಂದೆ ಇಡುತ್ತೇವೆ. ಅಕ್ಕಪಕ್ಕದ ಹಳ್ಳಿಯವರು ನಮ್ಮನ್ನು ಕರೆಯುವುದು ಉಪ್ಪಿನೋರು ಎಂದು.

ನನ್ನ ಅಕ್ಕ ವಾರಿಜ ಈ ಬಯಲಿನಲ್ಲಿ ಇಂದಿಗೂ ಕಡಲನ್ನು ಕೇಳಿಸಿಕೊಳ್ಳುತ್ತಾಳೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಮೊರೆತ ಜೋರಾದರೆ ಸಾಕು, ಹಾಸಿಗೆ, ಅಕ್ಕಿಡಬ್ಬ, ಮಗಳ ಪುಸ್ತಕ ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಸೆರಗು ಬಿಗಿದು, ಏಣಿಯ ಮೇಲೆ ನಿಲ್ಲುತ್ತಾಳೆ. ಒಮ್ಮೊಮ್ಮೆ ಎರಡು ದಿನ ಇಳಿಯುವುದಿಲ್ಲ. ಅವಳೊಬ್ಬಳೇ ಅಲ್ಲ. ಮಕ್ಕಳನ್ನು ನೆಲದ ಮೇಲೆ ಮಲಗಿಸದ ತಂದೆಯರಿದ್ದಾರೆ. ಸೊಂಟಕ್ಕೆ ಹಗ್ಗ ಕಟ್ಟಿ ಮನೆಯ ಕಂಬಕ್ಕೆ ಬಿಗಿದುಕೊಂಡು ಮಲಗುವವರಿದ್ದಾರೆ. ಇದಕ್ಕೆ ನಮ್ಮೊಳಗೆ ‘ಉಬ್ಬರ’ ಎನ್ನುತ್ತೇವೆ. ಹೊರಗಿನವರ ಮುಂದೆ, ಡಾಕ್ಟರ ಮುಂದೆ ಕೂಡ, ಆ ಶಬ್ದ ಎತ್ತುವುದಿಲ್ಲ. ಅಲ್ಲಿ ಅದು ಪಿತ್ತ. ಎದೆ ಹೊಡೆದುಕೊಂಡರೂ ಪಿತ್ತ, ಮೂರು ವಾರ ಮಾತು ನಿಂತರೂ ಪಿತ್ತ. ಇಡೀ ತಾಲೂಕಿಗಿಂತ ಹೆಚ್ಚು ಪಿತ್ತದ ಮಾತ್ರೆ ನಮ್ಮ ನೆಲೆಯಲ್ಲೇ ಖರ್ಚಾಗುವುದನ್ನು ಕಂಡು ಮೇಲಿನವರು ತನಿಖೆಗೆ ಒಂದು ತಂಡ ಕಳಿಸಿದರು. ಅವರು ನಮ್ಮ ಸಾರಿನ ರುಚಿ ನೋಡಿ, ಮೆಣಸು ಕಡಿಮೆ ಮಾಡಿ ಎಂದು ಬರೆದು ಹೋದರು.

ಹನ್ನೆರಡು ವರ್ಷಗಳ ಹಿಂದೆ ಇಲ್ಲಿಗೊಂದು ಮನಸ್ಸಿನ ಕೋಣೆ ಬಂತು. ಕಟ್ಟಿದ್ದು ಎಲ್ಲಿ ಎಂದರೆ, ನೀರಿನ ಸರದಿಯ ನೇರ ಎದುರಿಗೆ. ಬಾಗಿಲ ಮೇಲೆ ಆಳೆತ್ತರದ ಬೋರ್ಡು. ಕೊಡ ಹಿಡಿದು ನಿಂತ ಇನ್ನೂರು ಜನರ ಕಣ್ಣೆದುರು ಆ ಹೊಸ್ತಿಲು ದಾಟಬೇಕು. ಇದನ್ನು ಯೋಚಿಸಿದ ಪುಣ್ಯಾತ್ಮ ತನ್ನ ಮನೆಯ ಯಾರನ್ನಾದರೂ ಹಾಗೆ ನಡೆಸಿಕೊಂಡು ಹೋಗುತ್ತಿದ್ದನೇ? ಆರು ತಿಂಗಳು, ಅಲ್ಲಿ ಮನಸ್ಸಿನ ಕಷ್ಟ ಕೇಳಲು ನೇಮಿಸಿದ್ದ ಹುಡುಗಿ ಎರಡು ಕುರ್ಚಿಗಳ ಧೂಳು ಒರೆಸಿಕೊಂಡು ಕುಳಿತಳು. ಕೊನೆಗೆ ದಾಟಿದವಳು ನನ್ನ ಅಕ್ಕ. ನಾಲ್ಕು ಸಲ ಹೋದಳು. ಐದನೆಯ ವಾರ ಗಾಳಿ ಮೊರೆದಾಗ ಏಣಿ ಹತ್ತಿ, ಅರ್ಧ ತಾಸಿಗೆ ತಾನೇ ಇಳಿದು ಬಂದು ಚಹಾ ಮಾಡಿದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ವಾರ ಅವಳ ಮಗಳು ಚಿತ್ರಾವತಿಗೆ ಕೂಡಿಬಂದಿದ್ದ ಸಂಬಂಧ ಮುರಿಯಿತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ, ನೀರಿನ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ಕೋಣೆಗೆ ಹೋಗುವುದನ್ನು ನಿಲ್ಲಿಸಿದಳು.

ಆಮೇಲೆ ಸರಕಾರಿ ಕಚೇರಿಯಿಂದ ಬಂತು ಫಾರಂ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾನಸಿಕ ತೊಂದರೆ ಉಂಟೇ, ಹೌದು ಅಥವಾ ಇಲ್ಲ. ಹೌದು ಎಂದರೆ ನೆಲೆಚೀಟಿ ಹೋಗುತ್ತದೆ ಎಂದು ಯಾರೋ ಹಬ್ಬಿಸಿದರು. ನಿಯಮದ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ, ಹಾಗೆಂದು ಎಲ್ಲಿಯೂ ಇಲ್ಲ. ಆದರೆ ಹಾಗಿಲ್ಲವೆಂದು ಬಂದು ಹೇಳುವ ತೊಂದರೆಯನ್ನು ಕಚೇರಿಯ ಒಬ್ಬನೂ ತೆಗೆದುಕೊಳ್ಳಲಿಲ್ಲ. ನಮ್ಮ ಗುರಿಕಾರ, ಅಂದರೆ ಊರಿನ ಹಿರಿಯ, ದೂಮಪ್ಪಣ್ಣ ಎಲ್ಲರನ್ನೂ ಕೂರಿಸಿ ತೀರ್ಮಾನ ಕೊಟ್ಟರು. ಕಡಲಿಗೆ ಇಳಿದವರ ವಿಷಯದಲ್ಲಿ ಮನೆಯವರು ಭಯದ ಮಾತಾಡಬಾರದು ಎಂಬುದು ನಮ್ಮ ಹಳೆಯ ಕಟ್ಟಳೆ, ಆಡಿದರೆ ದೋಣಿ ಹಿಂದಿರುಗುವುದಿಲ್ಲವಂತೆ. ಅದನ್ನೇ ಇಲ್ಲಿಗೂ ಹಚ್ಚಿದರು. ಎಲ್ಲಾ ಮನೆಯ ಫಾರಂನಲ್ಲೂ ‘ಇಲ್ಲ’ ಎಂದೇ ಬರೆಯಬೇಕು. ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನಗೆ ಬಂತು. ನಾನ್ನೂರ ಹನ್ನೆರಡು ಸಲ ‘ಇಲ್ಲ’ ಎಂದು ಬರೆದೆ. ಅಕ್ಕನ ಮನೆಗೂ ಬರೆದೆ. ಅವಳು ಆ ಹೊತ್ತಿಗೆ ಏಣಿಯ ಮೇಲಿದ್ದಳು.

ತೊಂದರೆಯಿಲ್ಲದ ಊರಿಗೆ ಕೋಣೆಯೇಕೆ? ಎರಡೇ ತಿಂಗಳಲ್ಲಿ ಬೋರ್ಡು ಇಳಿಸಿ ಅಲ್ಲಿ ಮೀನಿನ ಮೇವಿನ ಚೀಲ ತುಂಬಿದರು. ಮರುವರ್ಷ ದೂಮಪ್ಪಣ್ಣ ಹೋದರು. ಸೊಂಟಕ್ಕೆ ಹಗ್ಗ ಬಿಗಿದು ಮಲಗುವವರಲ್ಲಿ ಅವರೂ ಒಬ್ಬರೆಂದು ನಮಗೆ ತಿಳಿದದ್ದು ಅಂದು. ಹೇಗೆ ಹೋದರೆಂದು ನಾನು ಬರೆಯುವುದಿಲ್ಲ. ಮರಣದ ಪುಸ್ತಕದಲ್ಲಿ ಪಿತ್ತ ಎಂದಿದೆ.

ಈಗ ಫಾರಂ ಮತ್ತೆ ಬಂದಿದೆ. ಅದೇ ಪ್ರಶ್ನೆ, ಅದೇ ಎರಡು ಚೌಕ. ಚಿತ್ರಾವತಿಗೆ ಈಗ ಮೂವತ್ತೆರಡು. ಹನ್ನೆರಡು ವರ್ಷಗಳ ಮೇಲೆ ಒಂದು ಒಳ್ಳೆಯ ಸಂಬಂಧ ಬಂದಿದೆ. ಮೊನ್ನೆ ದೂಮಪ್ಪಣ್ಣನ ಮಗ ಸಂಜೀವ, ಈಗಿನ ಗುರಿಕಾರ, ನನ್ನ ಜಗಲಿಗೆ ಬಂದು ಕುಳಿತ. ನನ್ನ ಮನಸ್ಸಿನಲ್ಲಿರುವುದರ ವಾಸನೆ ಅವನಿಗೆ ಹತ್ತಿತ್ತು.

“ಐತಪ್ಪಣ್ಣ, ಒಂದು ಮನೆಯವರು ಹೌದು ಅಂದ್ರೆ ಎಲ್ಲಾ ಮನೆಗೂ ಹೆಸರು ಬರ್ತದೆ ಮಾರ್ರೆ. ನಿಮಗೆ ಮಗಳಿಲ್ಲ, ನಮಗೆ ಉಂಟು.”

“ನಿನ್ನ ಅಪ್ಪ ಎಂತದರಲ್ಲಿ ಹೋದ್ದು ಸಂಜೀವ?”

ಅವನು ಚಹಾದ ಲೋಟವನ್ನು ಜಗಲಿಯ ಮೇಲಿಟ್ಟ. “ಪಿತ್ತ,” ಎಂದ. ಚಹಾ ಕುಡಿಯದೆ ಎದ್ದು ಹೋದ.

ಅವಳ ಮನೆಗೆ ‘ಹೌದು’ ಎಂದು ಬರೆಯಲೇ ಎಂದು ಅಕ್ಕನನ್ನು ಕೇಳಿದೆ. ನನ್ನ ಹೆಸರೇ ಬರಿ, ಆ ಕೋಣೆಯನ್ನು ವಾಪಸ್ಸು ಕೇಳು, ಆದರೆ ಚಿತ್ರಾವತಿ ಒಪ್ಪಿದರೆ ಮಾತ್ರ ಎಂದಳು. ಹುಡುಗಿ ಮೀನಿನ ತೊಟ್ಟಿಯ ಹತ್ತಿರ ಬಲೆ ತೊಳೆಯುತ್ತಿದ್ದಳು. ನಾನು ಸುತ್ತಿ ಬಳಸಿ ಹೇಳುತ್ತಿರುವಾಗಲೇ ನಡುವೆ ತಡೆದಳು.

“ಬರೀರಿ ಮಾಮ. ಮದುವೆ ಆದ ಮೇಲೆ ಅಮ್ಮನನ್ನು ಎಲ್ಲಿ ಅಡಗಿಸಿ ಇಡ್ಲಿಕ್ಕೆ ಉಂಟು?”

ಬರೆದೆ. ನಿನ್ನೆ ಕಚೇರಿಗೆ ಕೊಟ್ಟೂ ಬಂದೆ. ಗಂಡಿನ ಮನೆಯಿಂದ ಇನ್ನೂ ಮಾತಿಲ್ಲ. ಅದು ಬರುವ ತನಕ ನನಗೆ ಕೂರಲು ಆಗದು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಾಲದ ಪುಸ್ತಕಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ನಿಮ್ಮ ಊರುಗಳಿಗೂ ಯುದ್ಧ ದಾಟಿ, ಗಡಿ ದಾಟಿ, ಮುಳುಗಿದ ಹಳ್ಳಿ ಬಿಟ್ಟು ಜನ ಬಂದಿದ್ದರು. ಅವರಿಗೆ ಮನೆ ಕೊಟ್ಟಿರಿ, ಕಾರ್ಡು ಕೊಟ್ಟಿರಿ, ಫೋಟೋ ತೆಗೆದಿರಿ. ಆಮೇಲೆ ಅವರು ಸಹಾಯ ಕೇಳಲು ಬರುವುದಿಲ್ಲ, ಅವರಲ್ಲಿ ತಿಳಿವಳಿಕೆ ಕಡಿಮೆ ಎಂದು ವರದಿ ಬರೆದಿರಿ. ತಿಳಿವಳಿಕೆ ಅವರಿಗೆ ಚೆನ್ನಾಗಿಯೇ ಇತ್ತು. ಹೇಳಿದರೆ ಏನಾಗುತ್ತದೆಂದು ಅವರಿಗೆ ತಿಳಿದಿತ್ತು. ಹಾಗಾಗದಂತೆ ನೋಡಿಕೊಳ್ಳುವುದು ಯಾರ ಕೆಲಸವಾಗಿತ್ತು?

ನನ್ನ ಬೇಡಿಕೆ ಒಂದೇ. ಇನ್ನು ಮೇಲೆ ಅಂಥವರ ಜಗಲಿಗೆ ಫಾರಂ ಹಿಡಿದು ಹೋಗುವಾಗ, ಮೊದಲನೆಯ ಫಾರಂ ನಿಮ್ಮದೇ ಇರಲಿ. ಮದುವೆಯ ಮಾತುಕತೆಯಲ್ಲಿ ನೀವು ಬಾಯಿಬಿಡದ ನಿಮ್ಮ ಚಿಕ್ಕಪ್ಪನ ಹೆಸರು, ಮಾತ್ರೆಯ ಚೀಟಿಯನ್ನು ಪರ್ಸಿನ ಒಳಪದರದಲ್ಲಿ ಇಟ್ಟ ನಿಮ್ಮ ಹೆಂಡತಿಯ ಹೆಸರು, ಇಲ್ಲವೇ ನಿಮ್ಮದೇ ಹೆಸರು ಅದರಲ್ಲಿ ಇರಲಿ. ಅದನ್ನು ಅವರ ಮುಂದೆ ಗಟ್ಟಿಯಾಗಿ ಓದಿ. ಆಮೇಲೆ ಕೇಳಿ.

ಇಂತು,
ಐತಪ್ಪ
ವಾರಿಜಳ ತಮ್ಮ, ಚಿತ್ರಾವತಿಯ ಮಾಮ